ಬೊಂಬೆಗಳ ಕಾಳಗವೂ ಬೆವರಿನ ಲೆಕ್ಕವೂ

ಕಳೆದ ತಿಂಗಳ ಒಂದು ಭಾನುವಾರ ಬೆಳಗ್ಗೆ ನಮ್ಮ ಬೀದಿಯ ಹುಡುಗನೊಬ್ಬ, ತಾನು ಗೆಳೆಯರೊಡನೆ ಸೇರಿ ತೆಗೆದ ಕಿರುಚಿತ್ರವನ್ನು ನನಗೆ ತೋರಿಸಬೇಕೆಂದು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದ. ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಚುರುಕು ಬುದ್ಧಿ, ಹಿರಿಯರಲ್ಲಿ ಗೌರವ ಎರಡೂ ಇರುವವನು. ಚಿತ್ರದ ಅವಧಿ 12 ನಿಮಿಷ. ಕಥೆ ಇಷ್ಟು. ಪೇಟೆಬೀದಿಯೊಂದರಲ್ಲಿ ಎದುರುಬದುರಾಗಿ ಎರಡು ಬಟ್ಟೆ ಅಂಗಡಿಗಳು. ಒಂದರ ಮುಂದೆ ಆನೆಯ ವೇಷ ತೊಟ್ಟವನೊಬ್ಬ, ಇನ್ನೊಂದರ ಮುಂದೆ ಕರಡಿಯ ವೇಷ ತೊಟ್ಟವನೊಬ್ಬ. ದಾರಿಹೋಕರನ್ನು ಕೈಬೀಸಿ ಕರೆಯುವುದು, ಮಕ್ಕಳ ಕೈಕುಲುಕುವುದು, ರಿಯಾಯಿತಿ ಮಾರಾಟದ ಚೀಟಿ ಹಂಚುವುದು ಇಬ್ಬರ ಕೆಲಸ. ಒಂದು ಮಗು ಆನೆಯನ್ನು ಬಿಟ್ಟು ಕರಡಿಯ ಬಳಿಗೆ ಓಡುತ್ತದೆ. ಅಲ್ಲಿಂದ ಜಗಳ ಮೊದಲಾಗುತ್ತದೆ. ಆನೆ ಕರಡಿಯ ಚೀಟಿಗಳನ್ನು ಕಿತ್ತುಕೊಳ್ಳುತ್ತದೆ, ಕರಡಿ ಆನೆಯ ಸೊಂಡಿಲು ಹಿಡಿದೆಳೆಯುತ್ತದೆ. ಇಬ್ಬರೂ ಹೊಡೆದಾಡುತ್ತ ತರಕಾರಿ ಮಾರುಕಟ್ಟೆಯನ್ನು ಹಾದು, ಮದುವೆ ಛತ್ರವೊಂದಕ್ಕೆ ನುಗ್ಗಿ, ವಧೂವರರ ನಡುವೆ ನಿಂತು ಫೋಟೋ ತೆಗೆಸಿಕೊಂಡು, ಕಡೆಗೆ ಪೊಲೀಸ್ ಠಾಣೆ ಸೇರುತ್ತಾರೆ. ಅಲ್ಲಿ ಪೇದೆ ‘ಹೆಸರು?’ ಎಂದು ಕೇಳಿದರೆ ಒಬ್ಬ ಘೀಳಿಡುತ್ತಾನೆ, ಇನ್ನೊಬ್ಬ ಗುರುಗುಟ್ಟುತ್ತಾನೆ. ಪೇದೆ ಅದನ್ನೇ ಗಂಭೀರವಾಗಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಮರುದಿನ ಬೆಳಗ್ಗೆ ಆನೆ ಕರಡಿಗಳೆರಡೂ ಏನೂ ನಡೆದೇ ಇಲ್ಲವೆಂಬಂತೆ ತಂತಮ್ಮ ಅಂಗಡಿಯ ಮುಂದೆ ನಿಂತು ಕೈಬೀಸುತ್ತಿರುವಲ್ಲಿಗೆ ಚಿತ್ರ ಮುಗಿಯುತ್ತದೆ.

ನಾನು ನಕ್ಕೆ. ಸುಳ್ಳು ಹೇಳಲಾರೆ. ಠಾಣೆಯ ದೃಶ್ಯದಲ್ಲಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನನ್ನ ನಗೆ ಕೇಳಿ ಮನೆಯಾಕೆ ಅಡುಗೆಮನೆಯಿಂದ ಹೊರಗೆ ಬಂದು ನೋಡಿದಳು. ಚಿತ್ರ ಮುಗಿದ ಮೇಲೆ ಹುಡುಗ ಅಭಿಪ್ರಾಯ ಕೇಳಿದ.

‘ಒಳಗಿದ್ದವರು ಯಾರಪ್ಪಾ?’ ಎಂದೆ.

‘ನನ್ನ ಫ್ರೆಂಡ್ಸೇ ಸಾರ್.’

‘ಅವರಲ್ಲ. ಕಥೆಯಲ್ಲಿ, ಆ ಆನೆಯೊಳಗೆ ಇರುವವನು ಯಾರು? ಕರಡಿಯೊಳಗೆ ಯಾರು?’

ಹುಡುಗ ಕ್ಷಣಕಾಲ ಸುಮ್ಮನಾಗಿ, ಆಮೇಲೆ ನಗುತ್ತ, ‘ಸಾರ್, ಇದು ಅಬ್ಸರ್ಡ್ ಕಾಮಿಡಿ. ಇದರಲ್ಲಿ ಯಾರು, ಯಾಕೆ ಅಂತೆಲ್ಲ ಕೇಳಬಾರದು. ನೀವು ಮೇಷ್ಟ್ರು ನೋಡಿ, ಎಲ್ಲದರಲ್ಲೂ ನೀತಿ ಹುಡುಕ್ತೀರಿ’ ಎಂದ.

ಕಾಫಿ ಕುಡಿದು ಹುಡುಗ ಹೊರಟುಹೋದ. ಅವನ ಮಾತು ಮಾತ್ರ ಹೋಗಲಿಲ್ಲ. ಅವನಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಓದುಗ ಮಿತ್ರರು ಇದನ್ನು ನಿವೃತ್ತ ಮೇಷ್ಟರೊಬ್ಬನ ಗೊಣಗಾಟವೆಂದು ಬದಿಗಿಡದೆ ಕಡೆಯವರೆಗೆ ಓದಬೇಕೆಂದು ವಿನಂತಿ. ಆ ಚಿತ್ರದಲ್ಲಿ ನೀತಿ ಇಲ್ಲವೆಂಬುದು ನನ್ನ ಆಕ್ಷೇಪವಲ್ಲ. ನೀತಿಪಾಠಗಳನ್ನು ಮೂವತ್ತು ವರ್ಷಗಳ ಕಾಲ ಕೇಳಿಸಿಕೊಂಡು, ಹೇಳಿ, ಸಾಕಾಗಿ ಹೋಗಿದ್ದೇನೆ. ಆ ಚಿತ್ರ ಸಾಲುವಷ್ಟು ಅಸಂಗತವಾಗಿಲ್ಲ ಎಂಬುದೇ ನನ್ನ ಆಕ್ಷೇಪ. ಕಣ್ಣೆದುರಿಗಿರುವ ದೊಡ್ಡ ಅಸಂಗತವನ್ನು ಬಿಟ್ಟು ಅದು ಸೊಂಡಿಲು ಎಳೆದಾಡುವ ಸಣ್ಣ ಅಸಂಗತಕ್ಕೆ ತೃಪ್ತಿಪಟ್ಟುಕೊಂಡಿದೆ.

ಮೊದಲು ‘ಮ್ಯಾಸ್ಕಾಟ್’ ಎಂಬ ಶಬ್ದವನ್ನೇ ನೋಡೋಣ. ಅದೃಷ್ಟ ತರುವ ವಸ್ತು ಅಥವಾ ವ್ಯಕ್ತಿ ಎಂಬ ಅರ್ಥದ ಈ ಫ್ರೆಂಚ್ ಶಬ್ದ ಲೋಕಪ್ರಸಿದ್ಧವಾದದ್ದು 1880ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ಕಂಡ ‘ಲಾ ಮಸ್ಕಾಟ್’ ಎಂಬ ಹಾಸ್ಯ ಗೀತನಾಟಕದಿಂದ. ಅದರ ಸಂಗೀತ ಎಡ್ಮಂಡ್ ಓದ್ರಾನನದು. ಆ ನಾಟಕದಲ್ಲಿ ಮ್ಯಾಸ್ಕಾಟ್ ಆಗಿರುವುದು ಬೊಂಬೆಯೂ ಅಲ್ಲ, ಪ್ರಾಣಿಯೂ ಅಲ್ಲ. ಟರ್ಕಿ ಕೋಳಿಗಳನ್ನು ಮೇಯಿಸುವ ಬೆಟ್ಟೀನಾ ಎಂಬ ಬಡ ಹುಡುಗಿ. ಆಕೆ ಯಾರ ಮನೆಯಲ್ಲಿದ್ದರೆ ಅವರಿಗೆ ಅದೃಷ್ಟ. ಈ ಸಂಗತಿ ತಿಳಿದ ರಾಜ ಅವಳನ್ನು ರೈತನ ಮನೆಯಿಂದ ತನ್ನ ಅರಮನೆಗೆ ಎತ್ತಿಕೊಂಡು ಹೋಗುತ್ತಾನೆ. ಮದುವೆಯಾದರೆ ಆ ಶಕ್ತಿ ಹೊರಟುಹೋದೀತೆಂಬ ಭಯದಿಂದ ಪ್ರೀತಿಸಿದವನನ್ನು ಸೇರಲು ಬಿಡುವುದಿಲ್ಲ. ಅದೃಷ್ಟ ಒಡೆಯನಿಗೆ, ಕಾವಲು ಹುಡುಗಿಗೆ! ಪ್ಯಾರಿಸ್ಸಿನ ಜನ ಅದನ್ನು ನೋಡಿ ನಕ್ಕರು. ಆದರೆ ಬೆಟ್ಟೀನಾ ಯಾರು, ಅವಳಿಗೆ ಏನು ಬೇಕು ಎಂಬುದು ಅವರಿಗೆ ತಿಳಿದಿತ್ತು. ನಗೆ ಹುಟ್ಟಿದ್ದೇ ಆ ತಿಳಿವಿನಿಂದ. ನೂರನಲವತ್ತು ವರ್ಷಗಳ ಮೇಲೆ ಶಬ್ದ ನಮ್ಮ ಪೇಟೆಬೀದಿಗೆ ಬಂದು ನಿಂತಿದೆ. ಒಳಗಿದ್ದ ಹುಡುಗಿ ಮಾತ್ರ ದಾರಿಯಲ್ಲೆಲ್ಲೋ ಕಳೆದುಹೋಗಿದ್ದಾಳೆ.

ಇನ್ನು ಅಸಂಗತದ ವಿಚಾರ. ‘ಯಾರು, ಏಕೆ ಎಂದು ಕೇಳಬಾರದು’ ಎಂಬುದು ಅಸಂಗತದ ಲಕ್ಷಣವೆಂದು ಆ ಹುಡುಗನಿಗೆ ಯಾರು ಹೇಳಿದರೋ ಕಾಣೆ. 1953ರಲ್ಲಿ ಪ್ಯಾರಿಸ್ಸಿನಲ್ಲಿ ರಂಗವೇರಿದ ಸ್ಯಾಮ್ಯುಯೆಲ್ ಬೆಕೆಟ್ಟನ ‘ವೇಟಿಂಗ್ ಫಾರ್ ಗಾಡೋ’ ನಾಟಕವನ್ನು ಅಸಂಗತ ನಾಟಕಗಳ ಹಿರಿಯಣ್ಣನೆನ್ನುತ್ತಾರೆ. ಅದು ಮೊದಲಾಗುವುದು ಹೇಗೆ? ಒಬ್ಬ ಬಡಪಾಯಿ ದಾರಿಬದಿಯಲ್ಲಿ ಕುಳಿತು, ಕಾಲನ್ನು ಕಚ್ಚುತ್ತಿರುವ ಬೂಟನ್ನು ಕಳಚಲು ಹೆಣಗುತ್ತಿರುತ್ತಾನೆ. ಗಾಡೋ ಯಾರೆಂಬುದು ಕಡೆಯವರೆಗೂ ತಿಳಿಯುವುದಿಲ್ಲ. ಬೂಟು ಕಚ್ಚುವುದು ಮಾತ್ರ ಮೊದಲ ಕ್ಷಣದಲ್ಲೇ ತಿಳಿಯುತ್ತದೆ. ಅರ್ಥ ಕಾಣದ ಲೋಕದಲ್ಲಿ ನೋವು ಮಾತ್ರ ಸ್ಪಷ್ಟ. ನಮ್ಮಲ್ಲಿಯೂ ಚಂದ್ರಶೇಖರ ಪಾಟೀಲರು, ಚಂದ್ರಕಾಂತ ಕುಸನೂರರು ಅಸಂಗತ ನಾಟಕಗಳನ್ನು ಬರೆದರು. ಯಾರೂ ಏನನ್ನೂ ಕೇಳದಿರಲಿ ಎಂದು ಬರೆದವರಲ್ಲ ಅವರು. ಕೇಳಬೇಕಾದದ್ದನ್ನು ಕೇಳುವ ಬೇರೆ ದಾರಿಯನ್ನು ಹುಡುಕಿದವರು.

ವೇಷದ ಹಾಸ್ಯವೇ ಬೇಕೆಂದರೆ ಚಾಪ್ಲಿನ್ನನ ‘ದಿ ಗೋಲ್ಡ್ ರಷ್’ ಇದೆ, 1925ರ ಚಿತ್ರ. ಹಿಮದ ನಡುವಿನ ಗುಡಿಸಲಿನಲ್ಲಿ ಇಬ್ಬರು ಸಿಕ್ಕಿಬಿದ್ದಿದ್ದಾರೆ, ತಿನ್ನಲು ಏನೂ ಇಲ್ಲ. ಹಸಿವಿನಿಂದ ಮತಿಭ್ರಮಿಸಿದ ದೊಡ್ಡ ಗಾತ್ರದ ಜೊತೆಗಾರನ ಕಣ್ಣಿಗೆ ಚಾಪ್ಲಿನ್ ಆಳೆತ್ತರದ ಕೋಳಿಯಾಗಿ ಕಾಣುತ್ತಾನೆ. ಆ ಕೋಳಿಯ ವೇಷದೊಳಗೆ ಇದ್ದವನು ಸ್ವತಃ ಚಾಪ್ಲಿನ್ನೇ. ಲೋಕದ ಸಿನಿಮಾದಲ್ಲಿ ವೇಷದ ಹಾಸ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಅದು ಅಷ್ಟು ನಗಿಸುವುದೇಕೆ? ಅದಕ್ಕೆ ಮುಂಚೆಯೇ ಆ ಇಬ್ಬರೂ ಬೂಟನ್ನು ಬೇಯಿಸಿಕೊಂಡು ತಿಂದದ್ದನ್ನು ನಾವು ನೋಡಿರುತ್ತೇವೆ. ಕೋಳಿಯ ರೆಕ್ಕೆಪುಕ್ಕದೊಳಗೆ ಹಸಿದ ಮನುಷ್ಯನಿದ್ದಾನೆ, ಅಟ್ಟಿಸಿಕೊಂಡು ಬರುವವನೂ ಹಸಿದ ಮನುಷ್ಯನೇ, ಎಂಬ ಅರಿವಿರುವುದರಿಂದ ನಗೆ ಗಂಟಲಲ್ಲಿ ಹಿಡಿದುಕೊಂಡೇ ಹೊರಬರುತ್ತದೆ. ಆ ಅರಿವನ್ನು ತೆಗೆದುಬಿಟ್ಟರೆ ಉಳಿಯುವುದು ಪುಕ್ಕ ಮಾತ್ರ. ನಮ್ಮ ಹುಡುಗನ ಚಿತ್ರದಲ್ಲಿ ಉಳಿದದ್ದು ಅದೇ.

ಇಷ್ಟು ಹೇಳಲು ನನಗೆ ಪುಸ್ತಕಜ್ಞಾನದಾಚೆಗೂ ಒಂದು ಕಾರಣವುಂಟು. 2023ರ ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ, ಮೈಸೂರಿನ ಅಂಗಡಿಬೀದಿಯೊಂದರಲ್ಲಿ ಮೊಮ್ಮಗಳ ಕೈಹಿಡಿದು ನಡೆಯುತ್ತಿದ್ದೆ. ಅಂಗಡಿಯೊಂದರ ಮುಂದೆ ಕಂದುಬಣ್ಣದ ಕರಡಿಯೊಂದು ಕುಣಿಯುತ್ತಿತ್ತು. ಮಗು ಕೈ ಬಿಡಿಸಿಕೊಂಡು ಓಡಿ ಅದರ ಹೊಟ್ಟೆಯನ್ನು ತಬ್ಬಿಕೊಂಡಳು. ನಾನು ಹತ್ತಿರ ಹೋದಾಗ ಕರಡಿಯ ಬಾಯಿಯ ಜಾಲರಿಯೊಳಗಿಂದ ತೀರ ಸಣ್ಣ ದನಿಯೊಂದು ಕೇಳಿಸಿತು: ‘ನಮಸ್ಕಾರ ಸಾರ್. ಚೆನ್ನಾಗಿದೀರಾ?’

‘ಯಾರಪ್ಪಾ ನೀನು?’ ಎಂದೆ. ಹೆಸರು ಹೇಳಿದ. ಹತ್ತನೆಯ ತರಗತಿಯಲ್ಲಿ ನನ್ನ ಬಳಿ ವಿಜ್ಞಾನ ಕಲಿತವನು. ಎರಡನೆಯ ಸಾಲಿನ ಕಿಟಕಿಯ ಪಕ್ಕ ಕೂರುತ್ತಿದ್ದವನು. ದನಿ ನೆನಪಾಯಿತು, ಮುಖ ಕಾಣಲಿಲ್ಲ. ತಲೆಯನ್ನು ಬೀದಿಯಲ್ಲಿ ತೆಗೆಯುವಂತಿಲ್ಲ, ಮಾತನಾಡುವಂತಿಲ್ಲ, ಇವೆರಡೂ ಕೆಲಸದ ನಿಯಮ. ಮಾಲೀಕರು ನೋಡಿದರೆ ಬೈಯುತ್ತಾರೆಂದು ಕುಣಿಯುತ್ತಲೇ ಮಾತನಾಡಿದ. ನೀರು ಕುಡಿದೆಯಾ ಎಂದು ಕೇಳಿದೆ. ‘ಬೆಳಗ್ಗೆಯಿಂದ ಜಾಸ್ತಿ ಕುಡಿಯಲ್ಲ ಸಾರ್. ಕುಡಿದರೆ ಹೋಗಬೇಕಾಗತ್ತೆ. ಜಿಪ್ ಹಿಂದುಗಡೆ ಇದೆ, ಬಿಚ್ಚೋಕೆ ಇನ್ನೊಬ್ಬರು ಬರಬೇಕು’ ಎಂದ. ಹೇಳುವಾಗ ದೂರಿನ ದನಿಯಿರಲಿಲ್ಲ. ಬಸ್ಸಿನ ವೇಳಾಪಟ್ಟಿ ಹೇಳುವಂತೆ ಹೇಳಿದ. ಆಮೇಲೆ ನನ್ನ ಮೊಮ್ಮಗಳ ಕೈಗೆ ಒಂದು ಬಲೂನು ಕೊಟ್ಟು, ನನಗೆ ಕರಡಿಯ ಕೈಯಿಂದಲೇ ಮುಗಿದು, ಬೀದಿಯ ಕಡೆಗೆ ತಿರುಗಿ ಕೈಬೀಸತೊಡಗಿದ.

ಈ ಹುಡುಗನ ತರಗತಿಗೇ ನಾನು ಬಾಷ್ಪೀಭವನದ ಪಾಠ ಮಾಡಿದ್ದೆ. ಮೇಜಿನ ಮೇಲೆ ಮಡಕೆಯಿಟ್ಟು, ಅದರ ನೀರು ಏಕೆ ತಂಪಾಗಿರುತ್ತದೆಂದು ಕೇಳಿದ್ದೆ. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಹೋಗುತ್ತದೆ. ನಮ್ಮ ಚರ್ಮವೂ ಅಂಥದೇ ಮಡಕೆ. ಒಂದು ಗ್ರಾಂ ಬೆವರು ಆವಿಯಾದರೆ ದೇಹದಿಂದ ಸುಮಾರು 580 ಕ್ಯಾಲೊರಿ ಶಾಖ ಹೊರಗೆ ಹೋಗುತ್ತದೆ. ಗಮನಿಸಿ, ಬೆವರು ಆವಿಯಾಗಬೇಕು. ಬರಿದೇ ಹರಿದರೆ ಪ್ರಯೋಜನವಿಲ್ಲ. ಮಡಕೆಯ ಮೈಗೆ ಸುತ್ತ ದಪ್ಪ ಕಂಬಳಿ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ನೀರು ತಂಪಾಗುವುದೇ? ಕೃತಕ ರೋಮ, ಸ್ಪಂಜು, ಪ್ಲಾಸ್ಟಿಕ್ಕುಗಳಿಂದ ಮಾಡಿದ ಕರಡಿಯ ಚರ್ಮದೊಳಗೆ ಬೆವರು ಸುರಿಯುತ್ತದೆ, ಆವಿಯಾಗುವುದಿಲ್ಲ. ದೇಹ ಇನ್ನಷ್ಟು ಬೆವರುತ್ತದೆ, ನೀರು ಕಳೆದುಕೊಳ್ಳುತ್ತದೆ, ಬಿಸಿಯಂತೂ ಇಳಿಯುವುದಿಲ್ಲ. ಅದರ ಮೇಲೆ ಕುಣಿಯಬೇಕು, ಮೇಲಾಗಿ ನೀರು ಕುಡಿಯುವಂತಿಲ್ಲ.

ಇದು ಎಲ್ಲಿಗೆ ಹೋಗಿ ಮುಟ್ಟಬಹುದೆಂಬುದಕ್ಕೆ ಜಪಾನಿನ ಉದಾಹರಣೆಯಿದೆ. 2019ರ ಜುಲೈ 28ರಂದು ಒಸಾಕಾ ಬಳಿಯ ಹಿರಾಕಾಟಾ ಪಾರ್ಕ್ ಎಂಬ ವಿನೋದೋದ್ಯಾನದಲ್ಲಿ, ಮ್ಯಾಸ್ಕಾಟ್ ವೇಷ ತೊಟ್ಟು ನೃತ್ಯದ ತಾಲೀಮು ನಡೆಸಿದ 28 ವರ್ಷದ ಹಂಗಾಮಿ ನೌಕರನೊಬ್ಬ ಉಷ್ಣಾಘಾತದಿಂದ ಸತ್ತ. ವೇಷದ ತೂಕ ಸುಮಾರು 15 ಕಿಲೋ. ಸುಡುವ ಮಧ್ಯಾಹ್ನವಲ್ಲ; ಉದ್ಯಾನದ ವೇಳೆ ಮುಗಿದ ಮೇಲೆ, ರಾತ್ರಿ. ಬೊಂಬೆಗಳಿಗೆ ಜಪಾನಿನಷ್ಟು ಗೌರವ ಕೊಡುವ ದೇಶ ಇನ್ನೊಂದಿಲ್ಲ. ಒಳಗೆ ಮನುಷ್ಯನಿದ್ದಾನೆಂದು ಬಾಯಿಬಿಟ್ಟು ಹೇಳದಿರುವುದೇ ಅಲ್ಲಿನ ಮರ್ಯಾದೆ. ಆ ಮರ್ಯಾದೆ ಮಕ್ಕಳ ಸಂತೋಷಕ್ಕಾಗಿ ಇರಲಿ, ಬೇಡವೆನ್ನುವುದಿಲ್ಲ. ಆದರೆ ಒಳಗೆ ಯಾರೂ ಇಲ್ಲವೆಂದು ದೊಡ್ಡವರೂ ನಂಬತೊಡಗಿದರೆ ಆಗುವುದು ಹೀಗೆ.

ಅಸಂಗತ ಬೇಕೆನ್ನುವವರಿಗೆ ಇನ್ನೊಂದು ನಿಜಸಂಗತಿ ಹೇಳುತ್ತೇನೆ. ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಇಲಿ, ಬಾತುಕೋಳಿ, ಹುಲಿಗಳ ವೇಷ ಹಾಕುವ ನೌಕರರು 2001ರವರೆಗೆ ವೇಷದೊಳಗಿನ ಒಳಉಡುಪುಗಳನ್ನು ಹಂಚಿಕೊಂಡು ತೊಡಬೇಕಾಗಿತ್ತು. ಇಂದು ಒಬ್ಬ ತೊಟ್ಟದ್ದು ಒಗೆದು ಬಂದು ನಾಳೆ ಇನ್ನೊಬ್ಬನಿಗೆ. ಒಗೆತ ಸರಿಯಾಗದೆ ಹೇನು, ಕಜ್ಜಿ ಹತ್ತಿದವೆಂದು ನೌಕರರು ದೂರಿದರು. ಆ ವರ್ಷ ಅವರ ಸಂಘ ಮಾತುಕತೆ ನಡೆಸಿ ಪಡೆದ ವಿಜಯವೇನು ಬಲ್ಲಿರಾ? ಪ್ರತಿಯೊಬ್ಬನಿಗೂ ತನ್ನದೇ ಒಳಚಡ್ಡಿ! ಜಗತ್ತಿನ ಮಕ್ಕಳ ಕನಸಿನ ಸಾಮ್ರಾಜ್ಯವೊಂದು ತನ್ನ ನೌಕರರಿಗೆ ಸ್ವಂತ ಚಡ್ಡಿಯ ಹಕ್ಕನ್ನು ಒಪ್ಪಂದದ ಮೂಲಕ ದಯಪಾಲಿಸಿತು. ಈ ದೃಶ್ಯವನ್ನು ಯಾವ ಹಾಸ್ಯಗಾರ ಕಲ್ಪಿಸಬಲ್ಲ? 2024ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನ ಸುಮಾರು 1,700 ವೇಷಧಾರಿ ಕಲಾವಿದರೂ ಮೆರವಣಿಗೆಯವರೂ ಮತ ಹಾಕಿ ನಟರ ಸಂಘವನ್ನು ಸೇರಲು ತೀರ್ಮಾನಿಸಿದರು. ಆ ಉದ್ಯಾನ ತೆರೆದದ್ದು 1955ರಲ್ಲಿ. ಇಲಿಯ ತಲೆಯೊಳಗಿನ ಮನುಷ್ಯ ತನಗೂ ಒಂದು ಮತವಿದೆಯೆಂದು ಹೇಳಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು.

ಇಲ್ಲಿ ಹುಡುಗನ ಪಕ್ಷದವರು ಎದ್ದು ನಿಂತು, ‘ಹಾಗಾದರೆ ಲೋಗೋರಾಮಾಕ್ಕೆ ಏನನ್ನುತ್ತೀರಿ?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಫ್ರಾನ್ಸಿನ ಎಚ್-5 ತಂಡದವರು 2009ರಲ್ಲಿ ಮಾಡಿದ, 16 ನಿಮಿಷದ, 2010ರಲ್ಲಿ ಆಸ್ಕರ್ ಪಡೆದ ಅನಿಮೇಷನ್ ಕಿರುಚಿತ್ರ ಅದು. ಸಾವಿರಾರು ವ್ಯಾಪಾರ ಚಿಹ್ನೆಗಳಿಂದಲೇ ಕಟ್ಟಿದ ಲಾಸ್ ಏಂಜಲೀಸ್ ನಗರ; ಟೈರ್ ಕಂಪನಿಯ ಉಬ್ಬು ಮೈಯ ಮಿಶೆಲಿನ್ ಬೊಂಬೆಗಳೇ ಪೊಲೀಸರು, ಬರ್ಗರ್ ಅಂಗಡಿಯ ವಿದೂಷಕ ರೊನಾಲ್ಡನೇ ಬಂದೂಕು ಹಿಡಿದ ದುಷ್ಟ. ಕಡೆಗೆ ಭೂಮಿ ಬಿರಿದು ನಗರವೆಲ್ಲ ಎಣ್ಣೆಯಲ್ಲಿ ಮುಳುಗುತ್ತದೆ. ನಾನೂ ನೋಡಿ ಮೆಚ್ಚಿದ್ದೇನೆ. ಅಲ್ಲಿಯೂ ಒಳಗೆ ಮನುಷ್ಯನಿಲ್ಲ, ನಿಜ. ಆದರೆ ಅಲ್ಲಿನ ಬೊಂಬೆಗಳು ಕಂಪನಿಗಳ ಸ್ವಂತ ಮುಖಗಳು. ಚಿತ್ರ ಆ ಮುಖಗಳನ್ನು ಹಿಡಿದು ಕಂಪನಿಗಳಿಗೇ ಹೊಡೆಯುತ್ತದೆ. ಏಟು ಮೇಲಕ್ಕೆ ಹೋಗುತ್ತದೆ. ನಮ್ಮ ಹುಡುಗನ ಚಿತ್ರದಲ್ಲಿ ಅಂಗಡಿಯ ಮಾಲೀಕರು ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಏಟೆಲ್ಲ ಬೀಳುವುದು ದಿನಗೂಲಿಯವರ ಮೈಮೇಲೆ.

ನಿಜವಾದ ಬೊಂಬೆಗಳ ಪೈಪೋಟಿಯೂ ನಡೆದಿದೆ. ಜಪಾನಿನ ಕೋಚಿ ಪ್ರಾಂತ್ಯದ ಸುಸಾಕಿ ಎಂಬ ಪಟ್ಟಣಕ್ಕೆ ಶಿಂಜೋ-ಕುನ್ ಎಂಬ ನೀರುನಾಯಿಯ ಅಧಿಕೃತ ಬೊಂಬೆಯಿದೆ. ಜಪಾನಿನ ನದಿ ನೀರುನಾಯಿ ಕಡೆಯದಾಗಿ 1979ರಲ್ಲಿ ಕಂಡದ್ದು ಅಲ್ಲಿನ ಶಿಂಜೋ ನದಿಯಲ್ಲಿ. 2012ರಲ್ಲಿ ಅದು ಅಳಿದುಹೋಯಿತೆಂದು ಸರಕಾರ ಸಾರಿತು. ಇಲ್ಲದ ಪ್ರಾಣಿಯ ನೆನಪಿಗೆ ಆ ಬೊಂಬೆ. 2016ರಲ್ಲಿ ರಾಷ್ಟ್ರಮಟ್ಟದ ಬೊಂಬೆ ಸ್ಪರ್ಧೆಯನ್ನು ಗೆದ್ದಿತು. ಈ ನಡುವೆ ಚೀಟಾನ್ ಎಂಬ ಇನ್ನೊಂದು ನೀರುನಾಯಿ ಬೊಂಬೆ ಹುಟ್ಟಿಕೊಂಡು, ಹುಲ್ಲು ಕತ್ತರಿಸುವ ಯಂತ್ರ ಬೀಸುವುದು, ಕಾರು ಉರುಳಿಸುವುದು ಮುಂತಾದ ಪುಂಡಾಟದ ವಿಡಿಯೊಗಳಿಂದ ಲೋಕಪ್ರಸಿದ್ಧವಾಯಿತು. ಎರಡೂ ಒಂದೇ ಎಂದು ಭಾವಿಸಿದ ಜನ ಪಟ್ಟಣದ ಕಚೇರಿಗೆ ದೂರಿನ ಮೇಲೆ ದೂರು ಕೊಟ್ಟರು. 2019ರ ಜನವರಿಯಲ್ಲಿ ಪಟ್ಟಣ ಚೀಟಾನ್ ಜೊತೆಗಿನ ಸಂಬಂಧವನ್ನು ಕಡಿದುಕೊಂಡಿತು. ಅಮೆರಿಕದ ಟಿ.ವಿ.ಯವರೂ ಇದನ್ನು ಹಾಸ್ಯದ ವಸ್ತುವಾಗಿಸಿಕೊಂಡು ನಕ್ಕರು. ನಾನು ಓದಿದ ಸುದ್ದಿಗಳಲ್ಲೆಲ್ಲ ಬೊಂಬೆಯ ಹೆಸರಿತ್ತು, ಪಟ್ಟಣದ ಹೆಸರಿತ್ತು. ಕಾರು ಉರುಳಿಸುವಾಗ ಆ ವೇಷದೊಳಗಿದ್ದ ಮೈಗೆ ಪೆಟ್ಟಾಯಿತೇ ಎಂಬ ಒಂದು ಸಾಲಿರಲಿಲ್ಲ.

ನನ್ನ ವಯಸ್ಸಿನ ಮಿತ್ರರು ಬೇರೊಂದು ರಾಗ ಎಳೆಯುತ್ತಾರೆ. ‘ಇವೆಲ್ಲ ಪರದೇಶದ ಹಾವಳಿ, ನಮ್ಮ ಸಂಸ್ಕೃತಿಯಲ್ಲ’ ಎಂದು. ಅವರ ಮಾತನ್ನೂ ನಾನು ಒಪ್ಪಲಾರೆ. ಮೈಸೂರು ದಸರಾ ಮೆರವಣಿಗೆಯಲ್ಲಿ ಗಾರುಡಿ ಗೊಂಬೆಯನ್ನು ನೋಡದವರಾರು? ಬಿದಿರಿನ ಚೌಕಟ್ಟು, ಬಣ್ಣದ ದೊಡ್ಡ ತಲೆ, ಝಗಝಗಿಸುವ ಬಟ್ಟೆ, ಆಳಿಗಿಂತ ಎಷ್ಟೋ ಎತ್ತರ. ಒಳಗೆ ನಿಂತು ಅದನ್ನು ಹೊತ್ತು ಕುಣಿಯುವವನೊಬ್ಬ, ಗೊಂಬೆಯ ಹೊಟ್ಟೆಯ ಬಳಿಯ ಕಿಂಡಿಯಿಂದ ದಾರಿ ನೋಡುತ್ತಾನೆ. ಹಗಲುವೇಷದವರು, ಕೀಲುಕುದುರೆಯವರು ನಮ್ಮ ಬೀದಿಗಳಲ್ಲಿ ಎಷ್ಟು ತಲೆಮಾರುಗಳಿಂದ ಕುಣಿದಿಲ್ಲ? ವ್ಯಾಪಾರದ ಬೊಂಬೆಗಳೂ ನಮಗೆ ಹೊಸತಲ್ಲ: ಏರ್ ಇಂಡಿಯಾದ ಮಹಾರಾಜ 1946ರಲ್ಲಿ ಹುಟ್ಟಿದವನು, ಏಷ್ಯನ್ ಪೇಂಟ್ಸ್‌ನ ಗಟ್ಟು ಎಂಬ ತುಂಟ ಹುಡುಗನನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರೇ. ವೇಷ ನಮ್ಮದೇ, ಕುಣಿತ ನಮ್ಮದೇ.

ವ್ಯತ್ಯಾಸವಿರುವುದು ಬೇರೆ ಕಡೆ. ಗಾರುಡಿ ಗೊಂಬೆಯವನು ಆಯಾಸವಾದರೆ ಗೊಂಬೆಯನ್ನು ಕೆಳಗಿಳಿಸಿ ಹೊರಗೆ ಬರುತ್ತಾನೆ. ಮರದ ನೆರಳಲ್ಲಿ ಕುಳಿತು ಮುಖ ಒರೆಸಿಕೊಂಡು ನೀರು ಕುಡಿಯುತ್ತಾನೆ. ಮಕ್ಕಳು ಸುತ್ತ ನಿಂತು, ಇಷ್ಟು ದೊಡ್ಡ ರಾಕ್ಷಸನೊಳಗೆ ಇಷ್ಟು ಸಣ್ಣ ಮನುಷ್ಯನಿದ್ದನೇ ಎಂದು ಬೆರಗಾಗಿ ನೋಡುತ್ತಾರೆ. ಹುಡುಗನಾಗಿದ್ದಾಗ ನಾನೂ ಹಾಗೆ ನಿಂತು ನೋಡಿದವನೇ. ಅದರಿಂದ ಗೊಂಬೆಯ ಮೋಡಿ ಕಳೆದುಹೋಗಲಿಲ್ಲ, ಇಮ್ಮಡಿಯಾಯಿತು. ಗೊಂಬೆ ಮತ್ತೆ ಎದ್ದು ನಿಂತಾಗ ನಾವು ಒಳಗಿನವನ ಹೆಸರು ಹಿಡಿದು ಕೂಗಿ ಹುರಿದುಂಬಿಸುತ್ತಿದ್ದೆವು. ಅಂಗಡಿಯ ಕರಡಿಗೆ ಈ ಸ್ವಾತಂತ್ರ್ಯವಿಲ್ಲ. ಅದರ ತಲೆ ಮಾಲೀಕನ ಸೊತ್ತು. ತಲೆಯೊಳಗಿನ ತಲೆಯನ್ನು ಯಾರೂ ಕಾಣಬಾರದು.

ಕಡೆಯ ಆಕ್ಷೇಪ ವ್ಯವಹಾರಸ್ಥರದು: ‘ಮೇಷ್ಟ್ರೇ, ಏನೋ ಒಂದು ಹೊಟ್ಟೆಪಾಡು ನಡೆಯುತ್ತಿದೆ. ನೀವು ಇದನ್ನು ದೊಡ್ಡದು ಮಾಡಿದರೆ ಇರುವ ಕೆಲಸವೂ ಹೋದೀತು.’ ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ನನ್ನ ಶಿಷ್ಯನೂ ಬಹುಶಃ ಇದನ್ನೇ ಹೇಳಿಯಾನು. ಆದ್ದರಿಂದಲೇ ವೇಷ ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಅಂಗಡಿ ಮುಂಗಟ್ಟುಗಳಿಗಾಗಿ ಕರ್ನಾಟಕ 1961ರಲ್ಲಿ ಮಾಡಿದ ಕಾಯಿದೆಯಲ್ಲೇ, ಐದು ಗಂಟೆ ದುಡಿದವನಿಗೆ ಒಂದು ಗಂಟೆಯ ವಿರಾಮ ಕೊಡಬೇಕೆಂದು ಬರೆಯಲಾಯಿತು. ಕೌಂಟರಿನ ಹಿಂದೆ ನಿಲ್ಲುವವನನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಅದು. ಕರಡಿಯ ಚರ್ಮದೊಳಗೆ ಐದು ಗಂಟೆ ನಿಲ್ಲುವವನನ್ನು ಆ ಕಾಲದಲ್ಲಿ ಯಾರು ಊಹಿಸಿದ್ದರು? ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ, ಅಂಗಡಿಯ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ಕಾನೂನಿನಲ್ಲಿ ಸೇರಿಸಿದವು. ಅದರಿಂದ ಅಲ್ಲಿನ ಸೀರೆ ಅಂಗಡಿಗಳು ಮುಚ್ಚಿಹೋದವೇ? ಒಂದು ಮುಕ್ಕಾಲಿ, ಅರ್ಧ ಗಂಟೆಗೊಮ್ಮೆ ತಲೆ ತೆಗೆಯಲು ಒಂದು ಮರೆ, ಕುಡಿಯಲು ನೀರು, ಜಿಪ್ ಬಿಚ್ಚಲು ಒಬ್ಬ ಜೊತೆಗಾರ, ಉರಿಬಿಸಿಲಿನ ಹೊತ್ತಿನಲ್ಲಿ ಬಿಡುವು. ಕೇಳುತ್ತಿರುವುದು ಇಷ್ಟೇ. ದೀಪಾಲಂಕಾರಕ್ಕೆ ಸುರಿಯುವ ಹಣದಲ್ಲಿ ಇದು ಎಷ್ಟನೆಯ ಪಾಲು?

ಈಗ ಮತ್ತೆ ಆ ಕಿರುಚಿತ್ರಕ್ಕೆ ಬರುತ್ತೇನೆ. ಕೋಣಗಳೆರಡು ಹೋರಿದರೆ ಗಿಡಕ್ಕೆ ಮೃತ್ಯು ಎಂಬುದು ನಮ್ಮ ಹಳೆಯ ಗಾದೆ. ಇಲ್ಲಿ ಕೋಣಗಳು ಹೋರುತ್ತಲೂ ಇಲ್ಲ. ಎರಡು ಅಂಗಡಿಗಳ ಮಾಲೀಕರು ಸಂಜೆ ಒಂದೇ ಕ್ಲಬ್ಬಿನಲ್ಲಿ ಕುಳಿತು ಇಸ್ಪೀಟು ಆಡಿಯಾರು; ಮಕ್ಕಳ ಮದುವೆಗೆ ಪರಸ್ಪರ ಉಡುಗೊರೆ ಕೊಟ್ಟಾರು. ಗಿಡಗಳೇ ಕೊಂಬು ಕಟ್ಟಿಕೊಂಡು ಒಂದನ್ನೊಂದು ಇರಿದುಕೊಳ್ಳುತ್ತಿವೆ. ಐನೂರು ರೂಪಾಯಿ ಕೂಲಿಯವನೊಬ್ಬ ಐನೂರು ರೂಪಾಯಿ ಕೂಲಿಯವನನ್ನು, ಇಬ್ಬರದೂ ಅಲ್ಲದ ಜಗಳಕ್ಕಾಗಿ, ಇಬ್ಬರದೂ ಅಲ್ಲದ ಮುಖಗಳನ್ನು ತೊಟ್ಟು ಹೊಡೆಯುತ್ತಾನೆ. ನಾನು ಮೊದಲಿಗೆ ಹೇಳಿದ ದೊಡ್ಡ ಅಸಂಗತ ಇದು. ಇದು ಆ ಹುಡುಗನ ಕ್ಯಾಮೆರಾದ ಎದುರಿಗೇ ಇತ್ತು. ಅವನು ಕಾಣಲಿಲ್ಲ, ಏಕೆಂದರೆ ಕೇಳಬಾರದೆಂದು ಮೊದಲೇ ತೀರ್ಮಾನಿಸಿದ್ದ.

ಮಗೂ, ಇದನ್ನು ನೀನು ಓದುವೆಯೆಂದು ಬಲ್ಲೆ. ನಿನ್ನ ಠಾಣೆಯ ದೃಶ್ಯ ಬಲು ಚೆನ್ನಾಗಿದೆ, ಅದನ್ನು ಮುಟ್ಟಬೇಡ. ಪೇದೆ ಘೀಳನ್ನೂ ಗುರುಗುಟ್ಟನ್ನೂ ಬರೆದುಕೊಳ್ಳಲಿ. ಆಮೇಲೆ ರಾತ್ರಿ ಲಾಕಪ್ಪಿನಲ್ಲಿ ಆ ಇಬ್ಬರನ್ನೂ ಒಂದು ನಿಮಿಷ ಕೂರಿಸು. ಜಿಪ್ ಇಬ್ಬರಿಗೂ ಹಿಂದುಗಡೆಯೇ ಇದೆ, ನೆನಪಿರಲಿ. ಒಬ್ಬನದನ್ನು ಇನ್ನೊಬ್ಬನೇ ಬಿಚ್ಚಬೇಕು. ಯಾರು ಮೊದಲು ಬೆನ್ನು ತಿರುಗಿಸುತ್ತಾರೆ, ಎಷ್ಟು ಹೊತ್ತು ಅನುಮಾನಿಸುತ್ತಾರೆ, ಕರಡಿಯ ಉಗುರಿಗೆ ಆನೆಯ ಜಿಪ್ಪು ಸಿಕ್ಕುವುದೇ ಎಂದು ನೋಡುತ್ತ ನಾವು ನಗುವುದಕ್ಕೆ ಬೇಕಾದಷ್ಟಿದೆ. ಕಡೆಗೆ ತಲೆಗಳು ಹೊರಬರಲಿ. ಮುಖ ತೋರಿಸು. ಅವರು ಏನು ಮಾತನಾಡಬೇಕೆಂದು ನಾನು ಹೇಳಿಕೊಡುವುದಿಲ್ಲ. ಅದು ನಿನ್ನ ಕೆಲಸ. ಚಿತ್ರ ಸಿದ್ಧವಾದ ದಿನ ಹೇಳಿಕಳಿಸು, ಬರುತ್ತೇನೆ. ನನ್ನ ಶಿಷ್ಯನನ್ನೂ ಕರೆದುಕೊಂಡು ಬರುವ ಆಸೆಯಿದೆ. ಅವನ ವಾರದ ರಜೆ ಯಾವತ್ತೆಂದು, ಅದು ಇದೆಯೇ ಎಂದೂ, ಮೊದಲು ಹೋಗಿ ವಿಚಾರಿಸಬೇಕು.